ಲ್ಯಾಂಬ್ಡಾ ಇಂಟರ್‌ಫೆರಾನನ್ನು ಇಷ್ಟು ಬೇಗ ಮೂಲೆಗಿಡಬೇಕಿತ್ತೇ?

ಕೋವಿಡ್ ಕಾಲದ ಔಷಧಗಳ ಮಾತು ಬಂದಾಗಲೆಲ್ಲ ರೆಮ್‌ಡೆಸಿವಿರ್, ಐವರ್‌ಮೆಕ್ಟಿನ್‌ಗಳ ಹೆಸರು ಈಗಲೂ ಕೇಳಿಬರುತ್ತದೆ. ಒಂದೇ ಒಂದು ಚುಚ್ಚುಮದ್ದಿನಿಂದ ಆಸ್ಪತ್ರೆ ಸೇರುವವರ ಪ್ರಮಾಣವನ್ನು ಸುಮಾರು ಅರ್ಧಕ್ಕಿಳಿಸಿದ ಪೆಗಿಲೇಟೆಡ್ (ದೇಹದಲ್ಲಿ ಹೆಚ್ಚು ಕಾಲ ಉಳಿಯುವಂತೆ ಮಾರ್ಪಡಿಸಿದ) ಲ್ಯಾಂಬ್ಡಾ ಇಂಟರ್‌ಫೆರಾನಿನ ಹೆಸರನ್ನು ಮಾತ್ರ ಯಾರೂ ಎತ್ತುವುದಿಲ್ಲ. ಅದು ಇಂದು ಯಾವ ಔಷಧದಂಗಡಿಯಲ್ಲೂ ಸಿಗದಿರುವುದಕ್ಕೆ ವಿಜ್ಞಾನದ ಕಾರಣಗಳು ಸ್ವಲ್ಪ ಇವೆ, ವ್ಯವಹಾರದ ಕಾರಣಗಳು ಅದಕ್ಕಿಂತ ಹೆಚ್ಚಾಗಿವೆ ಎಂಬುದು ನನ್ನ ಅಭಿಪ್ರಾಯ.

ವೈರಸ್ ಹೊಕ್ಕ ಜೀವಕೋಶವು ಸುತ್ತಲಿನ ಕೋಶಗಳನ್ನು ಎಚ್ಚರಿಸಲು ಹೊರಬಿಡುವ ಪ್ರೋಟೀನುಗಳೇ ಇಂಟರ್‌ಫೆರಾನುಗಳು. 1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜೀನ್ ಲಿಂಡೆನ್‌ಮನ್ ಇವುಗಳನ್ನು ಗುರುತಿಸಿದರು. ಮುಂದೆ ಆಲ್ಫಾ, ಬೀಟಾ, ಗಾಮಾಗಳು ಬೆಳಕಿಗೆ ಬಂದವು. ಲ್ಯಾಂಬ್ಡಾ ಗುಂಪು ಪತ್ತೆಯಾದದ್ದು ಬಹಳ ತಡವಾಗಿ, 2003ರ ಹೊತ್ತಿಗೆ, ಅದೂ ಅಮೆರಿಕದ ಎರಡು ತಂಡಗಳಿಂದ ಏಕಕಾಲದಲ್ಲಿ. ಕೋಶದೊಳಗೆ ಆಲ್ಫಾ ಚಾಲನೆ ನೀಡುವ ಜೀನುಗಳಿಗೇ ಬಹುಮಟ್ಟಿಗೆ ಇದೂ ಚಾಲನೆ ನೀಡುತ್ತದೆ. ವ್ಯತ್ಯಾಸವಿರುವುದು ಅದನ್ನು ಸ್ವೀಕರಿಸುವ ರಿಸೆಪ್ಟರ್ ಎಲ್ಲಿದೆ ಎಂಬುದರಲ್ಲಿ. ಆಲ್ಫಾದ ರಿಸೆಪ್ಟರ್ ದೇಹದ ಬಹುತೇಕ ಎಲ್ಲ ಕೋಶಗಳ ಮೇಲಿದ್ದರೆ, ಲ್ಯಾಂಬ್ಡಾದ್ದು ಮುಖ್ಯವಾಗಿ ಉಸಿರಾಟದ ದಾರಿ ಮತ್ತು ಕರುಳಿನ ಒಳಪದರದ ಕೋಶಗಳು, ಯಕೃತ್ತಿನ ಕೋಶಗಳು ಹಾಗೂ ನ್ಯೂಟ್ರೋಫಿಲ್‌ನಂತಹ ಕೆಲವೇ ರಕ್ಷಣಾ ಕೋಶಗಳ ಮೇಲಿದೆ. ಆಲ್ಫಾ ಊರಿಗೆಲ್ಲ ಡಂಗುರ ಸಾರಿದರೆ, ಲ್ಯಾಂಬ್ಡಾ ಬೆಂಕಿ ಬಿದ್ದ ಬೀದಿಯವರನ್ನಷ್ಟೇ ಎಬ್ಬಿಸುತ್ತದೆ.

ಆ ಡಂಗುರದ ಬೆಲೆ ಏನೆಂಬುದನ್ನು ನಾನು ನಮ್ಮ ಸೋದರಮಾವನವರಲ್ಲಿ ಹತ್ತಿರದಿಂದ ಕಂಡಿದ್ದೇನೆ. ಹೆಪಟೈಟಿಸ್ ಸಿ ರೋಗಕ್ಕೆ ರೈಬವಿರಿನ್ ಮಾತ್ರೆಯ ಜೊತೆಗೆ ವಾರಕ್ಕೊಮ್ಮೆ ಆಲ್ಫಾ ಇಂಟರ್‌ಫೆರಾನ್ ಕೊಡುತ್ತಿದ್ದ ಕಾಲವದು. ಶನಿವಾರ ಸಂಜೆ ಪ್ಯಾರಾಸಿಟಮಾಲ್ ನುಂಗಿ, ಹೊಟ್ಟೆಯ ಚರ್ಮಕ್ಕೆ ಚುಚ್ಚಿಸಿಕೊಂಡು, ಭಾನುವಾರವಿಡೀ ಅವರು ಎರಡೆರಡು ಕಂಬಳಿ ಹೊದ್ದು ನಡುಗುತ್ತಿದ್ದರು. ಬಿಳಿ ರಕ್ತಕಣಗಳು ಇಳಿದವೆಂದು ವೈದ್ಯರು ಪ್ರಮಾಣ ತಗ್ಗಿಸಿದರು. ಸದಾ ನಗುತ್ತ ನಗಿಸುತ್ತ ಇದ್ದ ಮನುಷ್ಯ ತಿಂಗಳುಗಟ್ಟಲೆ ಯಾರೊಡನೆಯೂ ಮಾತು ಬೆಳೆಸದಂತಾದರು. ಖಿನ್ನತೆಯೂ ಆ ಔಷಧದ ಅಡ್ಡಪರಿಣಾಮವೆಂದು ಮನೆಯವರಿಗೆ ತಿಳಿದದ್ದು ಆಮೇಲೆ. ಈ ಹಿಂಸೆಯ ಬಹುಭಾಗವಿಲ್ಲದೆ ಅದೇ ವೈರಸ್‌ವಿರೋಧಿ ಕೆಲಸ ಮಾಡಬಲ್ಲ ಅಣುವೊಂದಿದೆ ಎಂದಾಗ ಸಂಶೋಧಕರಿಗೆ ಉತ್ಸಾಹ ಮೂಡಿದ್ದು ಸಹಜವೇ.

2009ರಲ್ಲಿ ಆ ಉತ್ಸಾಹಕ್ಕೆ ಮತ್ತಷ್ಟು ಬಲ ಬಂತು. ಆಲ್ಫಾ ಚಿಕಿತ್ಸೆಯಿಂದ ಯಾರಿಗೆ ಹೆಪಟೈಟಿಸ್ ಸಿ ವಾಸಿಯಾಗುತ್ತದೆ, ಯಾರಿಗೆ ಆಗುವುದಿಲ್ಲ ಎಂಬುದು ಹತ್ತೊಂಬತ್ತನೆಯ ವರ್ಣತಂತುವಿನಲ್ಲಿ ಲ್ಯಾಂಬ್ಡಾ ಜೀನುಗಳ ಬಳಿಯಿರುವ ಡಿಎನ್‌ಎಯ ಒಂದೇ ಅಕ್ಷರದ ವ್ಯತ್ಯಾಸದೊಂದಿಗೆ ಗಾಢವಾಗಿ ಹೊಂದಿಕೊಂಡಿತ್ತು. ವಿಚಿತ್ರವೆಂದರೆ, 2013ರಲ್ಲಿ ಪತ್ತೆಯಾದ ನಾಲ್ಕನೆಯ ಲ್ಯಾಂಬ್ಡಾವನ್ನು ತಯಾರಿಸಬಲ್ಲವರಿಗೇ ಆ ವೈರಸ್ಸಿನಿಂದ ಬಿಡುಗಡೆ ಕಷ್ಟ. ಆ ಜೀನು ಕೆಟ್ಟಿರುವವರೇ ಸುಲಭವಾಗಿ ಪಾರಾಗುತ್ತಾರೆ. ರೋಗನಿರೋಧಕ ಶಕ್ತಿ ಹೆಚ್ಚಿದಷ್ಟೂ ಒಳ್ಳೆಯದೆಂದು ಕಷಾಯದ ಪುಡಿ ಮಾರುವವರು ಇದನ್ನೊಮ್ಮೆ ಓದಬೇಕು. ಅಷ್ಟರಲ್ಲಿ ಸೊಫೊಸ್‌ಬುವಿರ್ ಬಂದು, ಮಾತ್ರೆಯಿಂದಲೇ ಕೆಲವು ವಾರಗಳಲ್ಲಿ ಕಾಯಿಲೆ ವಾಸಿಯಾಗತೊಡಗಿದ ಮೇಲೆ ಚುಚ್ಚುಮದ್ದು ಯಾರಿಗೂ ಬೇಡವಾಯಿತು.

ಮುಂದಿನದು ಕೋವಿಡ್‌. 2021ರಲ್ಲಿ ಪ್ರಕಟವಾದ ಎರಡು ಸಣ್ಣ ಪ್ರಯೋಗಗಳಲ್ಲಿ ಟೊರೊಂಟೊದವರಿಗೆ ವೈರಸ್ ಬೇಗ ತಗ್ಗಿದಂತೆ ಕಂಡರೆ, ಸ್ಟ್ಯಾನ್‌ಫರ್ಡಿನವರಿಗೆ ಏನೂ ಕಾಣಲಿಲ್ಲ. ದೊಡ್ಡ ಉತ್ತರ ದೊರೆತದ್ದು ಬ್ರೆಜಿಲ್ ಮತ್ತು ಕೆನಡಾದಲ್ಲಿ ನಡೆದ ಟುಗೆದರ್ ಪ್ರಯೋಗದಿಂದ. ಐವರ್‌ಮೆಕ್ಟಿನ್‌ನಿಂದ ಪ್ರಯೋಜನವಿಲ್ಲವೆಂದು ತೋರಿಸಿದ್ದ ಪ್ರಯೋಗವೂ ಅದೇ. ರೋಗಲಕ್ಷಣ ಕಾಣಿಸಿದ ಏಳು ದಿನಗಳೊಳಗೆ 180 ಮೈಕ್ರೊಗ್ರಾಂ ಲ್ಯಾಂಬ್ಡಾವನ್ನು ಒಂದೇ ಬಾರಿ ಪಡೆದ 931 ಜನರಲ್ಲಿ 25 ಮಂದಿ ಆಸ್ಪತ್ರೆ ಸೇರಿದರು ಅಥವಾ ತುರ್ತು ಘಟಕದಲ್ಲಿ ಆರು ಗಂಟೆಗೂ ಹೆಚ್ಚು ಕಾಲ ಉಳಿದರು. ಪ್ಲಾಸಿಬೊ (ಹುಸಿಮದ್ದು) ಪಡೆದ ಗುಂಪಿನ 1018 ಜನರಲ್ಲಿ ಅಂಥವರು 57. ಭಾಗವಹಿಸಿದವರಲ್ಲಿ ಶೇ. 83ರಷ್ಟು ಜನ ಲಸಿಕೆ ಪಡೆದವರೇ ಆಗಿದ್ದರೂ ಈ ಅಂತರ ಕಂಡುಬಂತು. ಅಡ್ಡಪರಿಣಾಮಗಳು ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ಆಗಿದ್ದವು. ಈ ಫಲಿತಾಂಶ 2023ರ ಫೆಬ್ರವರಿಯಲ್ಲಿ ಪ್ರಕಟವಾಯಿತು. ಆದರೆ ಪ್ರಯೋಗ ನಡೆದ ರೀತಿಯ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ಸಂದೇಹಗಳಿದ್ದುದರಿಂದ ತುರ್ತು ಬಳಕೆಗೆ ಅರ್ಜಿ ಸಲ್ಲಿಸುತ್ತಿಲ್ಲವೆಂದು ಲ್ಯಾಂಬ್ಡಾವನ್ನು ಅಭಿವೃದ್ಧಿಪಡಿಸುತ್ತಿದ್ದ ಐಗರ್ ಕಂಪನಿ ಅದಕ್ಕೂ ಮೊದಲೇ, 2022ರ ಅಕ್ಟೋಬರಿನಲ್ಲಿ, ಹೇಳಿಬಿಟ್ಟಿತ್ತು. ಸಂದೇಹವಿದ್ದರೆ ಇನ್ನೊಂದು ಪ್ರಯೋಗ ನಡೆಯಬೇಕಿತ್ತು. ಅದಕ್ಕೆ ಹಣ ಹಾಕುವವರು ಬರಲಿಲ್ಲ.

ಲ್ಯಾಂಬ್ಡಾ ನಿರಪಾಯಕಾರಿ ಎಂದು ಮಾತ್ರ ನಾನು ಹೇಳಲಾರೆ. ಹೆಪಟೈಟಿಸ್ ಡಿ ರೋಗಿಗಳಿಗೆ ವಾರಕ್ಕೊಂದರಂತೆ 48 ವಾರ ಇದನ್ನು ಕೊಡುತ್ತಿದ್ದ ಮೂರನೆಯ ಹಂತದ ಪ್ರಯೋಗವನ್ನು 2023ರ ಸೆಪ್ಟೆಂಬರಿನಲ್ಲಿ ಅರ್ಧಕ್ಕೇ ನಿಲ್ಲಿಸಬೇಕಾಯಿತು, ಏಕೆಂದರೆ ನಾಲ್ವರ ಯಕೃತ್ತು ಕೆಲಸ ಮಾಡಲಾರದ ಸ್ಥಿತಿಗೆ ಬಂದಿತ್ತು. ರಿಸೆಪ್ಟರ್ ಯಕೃತ್ತಿನ ಕೋಶಗಳ ಮೇಲೇ ಇರುವಾಗ, ಮೊದಲೇ ದುರ್ಬಲವಾದ ಯಕೃತ್ತನ್ನು ಅದು ತಿಂಗಳುಗಟ್ಟಲೆ ಕೆಣಕಿದರೆ ತೊಂದರೆಯಾಗದಿರಲು ಸಾಧ್ಯವೇ? 2020ರಲ್ಲಿ ಇಲಿಗಳ ಮೇಲೆ ನಡೆದ ಎರಡು ಅಧ್ಯಯನಗಳೂ ಇದೇ ದಿಕ್ಕಿನಲ್ಲಿವೆ: ಸೋಂಕಿನ ನಂತರದ ದಿನಗಳಲ್ಲೂ ಲ್ಯಾಂಬ್ಡಾದ ಸಂಕೇತ ಮುಂದುವರಿದರೆ ಶ್ವಾಸಕೋಶದ ಒಳಪದರ ದುರಸ್ತಿಯಾಗುವುದು ನಿಧಾನವಾಗುತ್ತದೆ, ಬ್ಯಾಕ್ಟೀರಿಯಾ ನುಗ್ಗಲು ದಾರಿಯಾಗುತ್ತದೆ. ಆದ್ದರಿಂದ ಮೊದಲ ದಿನಗಳ ಒಂದು ಚುಚ್ಚುಮದ್ದನ್ನೂ ವರ್ಷವಿಡೀ ಕೊಡುವ ಚಿಕಿತ್ಸೆಯನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಆದರೆ ಎರಡೂ ಒಂದೇ ಕಂಪನಿಯ ಕೈಯಲ್ಲಿದ್ದವು. ಎರಡನೆಯದು ಬಿದ್ದ ಕೆಲವೇ ತಿಂಗಳುಗಳಲ್ಲಿ, 2024ರ ಏಪ್ರಿಲ್‌ನಲ್ಲಿ, ಆ ಕಂಪನಿ ದಿವಾಳಿ ಅರ್ಜಿ ಹಾಕಿತು.

ಡೆಂಗಿಗೂ ಇದು ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ನನಗೆ ಹೆಚ್ಚಿನ ಭರವಸೆಯಿಲ್ಲ, ಏಕೆಂದರೆ ಆ ವೈರಸ್ ಮುಖ್ಯವಾಗಿ ಬೆಳೆಯುವುದು ಮೊನೊಸೈಟ್, ಮ್ಯಾಕ್ರೊಫೇಜ್‌ಗಳಂತಹ ರಕ್ಷಣಾ ಕೋಶಗಳಲ್ಲಿ. ಲ್ಯಾಂಬ್ಡಾದ ಕಾರ್ಯಕ್ಷೇತ್ರ ಅದಲ್ಲ. ಇನ್‌ಫ್ಲುಯೆಂಜಾ ಹಾಗಲ್ಲ; ಅದು ಬೆಳೆಯುವುದು ಉಸಿರಾಟದ ದಾರಿಯ ಒಳಪದರದಲ್ಲೇ. ವಯಸ್ಸಾದವರಿಗೆ, ಮೂತ್ರಪಿಂಡ ಕಸಿ ಮಾಡಿಸಿಕೊಂಡವರಿಗೆ, ಜ್ವರ ಬಂದ ಮೊದಲ ಮೂರು ದಿನಗಳೊಳಗೆ ಒಂದೇ ಚುಚ್ಚುಮದ್ದು ಕೊಟ್ಟು, ಯಕೃತ್ತಿನ ಕಾಯಿಲೆಯಿರುವವರನ್ನು ಹೊರಗಿಟ್ಟು, ಸರ್ಕಾರದ ಹಣದಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಬೇಕು. ಮುಂದಿನ ಮಹಾಮಾರಿ ಬಂದಮೇಲೆ ಅದನ್ನು ಆರಂಭಿಸಿದರೆ ಫಲಿತಾಂಶ ಕೈಸೇರುವುದು ಮತ್ತೆ ಎರಡು ಅಲೆಗಳು ಕಳೆದ ನಂತರವೇ.