ಕಪಾಟಿನ ಬೀಗದ ಕೈ

ನಿನ್ನೆ ರಾತ್ರಿ ಎರಡು ಗಂಟೆಗೆ ನಮ್ಮ ವಾರ್ಡಿನಲ್ಲಿ ಕಂಡದ್ದನ್ನು ಬರೆಯದೆ ನಿದ್ದೆ ಬರುವಂತಿಲ್ಲ. ಹಲ್ಲಿನ ಕೀವು ಗದ್ದದಡಿಗೆ ಹಬ್ಬಿ, ನಾಲಿಗೆ ಮೇಲೆದ್ದು, ಮಲಗಿದರೆ ಉಸಿರು ಕಟ್ಟುತ್ತಿದ್ದ ಹುಡುಗನೊಬ್ಬನಿಗೆ ಡ್ಯೂಟಿ ಡಾಕ್ಟರರು ಒಬ್ಬರೇ ಎರಡು ಬಾರಿ ಶ್ವಾಸನಾಳಕ್ಕೆ ಉಸಿರಾಟದ ಟ್ಯೂಬ್ ಹಾಕಲು ಹೆಣಗಿದರು. ಗಂಟಲಿನೊಳಗನ್ನು ಪರದೆಯ ಮೇಲೆ ತೋರಿಸುವ ವಿಡಿಯೋ ಲ್ಯಾರಿಂಗೋಸ್ಕೋಪ್ ಆಪರೇಷನ್ ಥಿಯೇಟರಿನ ಕಪಾಟಿನಲ್ಲಿತ್ತು, ಕಪಾಟಿಗೆ ಬೀಗ ಹಾಕಿತ್ತು, ಬೀಗದ ಕೈ ಯಾರಲ್ಲಿದೆಯೆಂದು ಕೇಳುತ್ತ ನಾನು ಮಹಡಿಯಿಂದ ಮಹಡಿಗೆ ಓಡಿದೆ. ಅರಿವಳಿಕೆ ತಜ್ಞರು ಮನೆಯಿಂದ ಧಾವಿಸಿ ಬಂದುದರಿಂದ ಹುಡುಗ ಉಳಿದ.

"ಸಿಸ್ಟರ್, ಮಂಗಳೂರಿಗೆ ಕೊಂಡುಹೋಗುವುದಾ?" ಎಂದು ಅವನ ತಾಯಿ ಕೇಳುತ್ತಲೇ ಇದ್ದರು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಆಮ್ಲಜನಕ ಪೂರ್ತಿ ನಿಂತರೆ ನಾಲ್ಕೈದು ನಿಮಿಷಗಳಲ್ಲೇ ಮಿದುಳಿಗೆ ಪೆಟ್ಟು ಬೀಳತೊಡಗುತ್ತದೆ. 2020ರ ಮಾರ್ಚಿನ ಲಾಕ್‌ಡೌನ್‌ನಲ್ಲಿ ಕೇರಳ-ಕರ್ನಾಟಕದ ನಡುವಿನ ತಲಪಾಡಿ ಗಡಿಯಲ್ಲಿ ಆಂಬುಲೆನ್ಸುಗಳು ತಡೆದು ನಿಂತದ್ದನ್ನು ಕಂಡ ನಾವು ಇಂದಿಗೂ ಆ ರಸ್ತೆಯನ್ನೇ ನಂಬಿದ್ದೇವೆ.

ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ 2005ರಿಂದಲೇ ಇಂಥ ಉಸಿರುಕಟ್ಟುವ ತುರ್ತಿಗೆಂದೇ ಒಂದು ತಂಡವಿದೆ: ಒಂದು ಕರೆ ಹೋದರೆ ಅರಿವಳಿಕೆ, ಕಿವಿ-ಮೂಗು-ಗಂಟಲು, ಅಪಘಾತ ಶಸ್ತ್ರಚಿಕಿತ್ಸೆ ಮತ್ತು ತುರ್ತು ವಿಭಾಗದವರು ರೋಗಿ ಇದ್ದಲ್ಲಿಗೇ ಸಲಕರಣೆಯ ಟ್ರಾಲಿಯೊಂದಿಗೆ ಬರುತ್ತಾರೆ. ಶ್ವಾಸಮಾರ್ಗದ ಗಂಭೀರ ಅವಘಡಗಳಲ್ಲಿ ಸುಮಾರು ಕಾಲುಭಾಗ ಐಸಿಯು ಹಾಗೂ ತುರ್ತು ವಿಭಾಗಗಳಲ್ಲೇ ಸಂಭವಿಸಿದ್ದವೆಂದು ಬ್ರಿಟನ್ನಿನ 2011ರ ರಾಷ್ಟ್ರೀಯ ಪರಿಶೋಧನೆ ಹೇಳಿತು. ಟ್ಯೂಬ್ ಶ್ವಾಸನಾಳದಲ್ಲೇ ಇದೆಯೆಂದು ತೋರಿಸುವ ಕ್ಯಾಪ್ನೋಗ್ರಫಿಯನ್ನು ಬಳಸದಿದ್ದುದು ಐಸಿಯು ಸಾವುಗಳಲ್ಲಿ ಹೆಚ್ಚಿನವಕ್ಕೆ ಒಂದು ಕಾರಣವಾಗಿತ್ತು. ನಮ್ಮ ದೇಶದ ತಜ್ಞರ ಸಂಘವೂ 2016ರಲ್ಲಿ, ಐಸಿಯುವನ್ನೂ ಸೇರಿಸಿ, ಕಷ್ಟದ ಶ್ವಾಸಮಾರ್ಗವನ್ನು ನಿಭಾಯಿಸುವ ಮಾರ್ಗಸೂಚಿಗಳನ್ನು ಪ್ರಕಟಿಸಿದೆ. ನಮ್ಮಲ್ಲಿ ಮಾತ್ರ ಸಲಕರಣೆ ಇನ್ನೂ ಬೀಗದೊಳಗಿದೆ.

ಸಣ್ಣ ಆಸ್ಪತ್ರೆಗೆ ಅಷ್ಟು ತಜ್ಞರನ್ನು ಎಲ್ಲಿಂದ ತರುವುದು ಎಂದು ಕೇಳುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಯಾರಿಗೆ ಮೊದಲು ಕರೆ ಹೋಗಬೇಕು, ಆಮ್ಲಜನಕ ಯಾರು ಕೊಡಬೇಕು, ಟ್ಯೂಬ್ ಹೋಗದೆ ಮಾಸ್ಕಿನಿಂದಲೂ ಉಸಿರು ಕೊಡಲಾಗದಿದ್ದರೆ ಸ್ಕಾಲ್ಪೆಲ್, ಬೂಜಿ (ಟ್ಯೂಬಿಗೆ ದಾರಿ ತೋರುವ ತೆಳು ಕಡ್ಡಿ) ಮತ್ತು ಸಣ್ಣ ಟ್ಯೂಬ್ ಹಿಡಿದು ಕುತ್ತಿಗೆಯ ಮೂಲಕ ದಾರಿ ಮಾಡುವವರು ಯಾರು ಎಂಬುದನ್ನು ಮೊದಲೇ ನಿಶ್ಚಯಿಸಿ, ತಿಂಗಳಿಗೊಮ್ಮೆ ಅಭ್ಯಾಸ ಮಾಡಲು ಇರುವ ನಾಲ್ಕು ಜನರೇ ಸಾಕು.

ಒಂದು ವಿಷಯ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಹಲವು ವರ್ಷಗಳ ಹಿಂದೆ, ಬೇರೆ ಊರಿನಲ್ಲಿ, ಒಬ್ಬ ಅಜ್ಜಿಗೆ ಮತ್ತೆ ಮತ್ತೆ ಟ್ಯೂಬ್ ಹಾಕಲು ಯತ್ನಿಸುತ್ತಿದ್ದಾಗ ಪ್ರತಿ ಯತ್ನಕ್ಕೂ ಗಂಟಲು ಇನ್ನಷ್ಟು ಊದುತ್ತಿರುವುದು ನನಗೆ ಕಾಣುತ್ತಿತ್ತು. "ಸಾಕು ಸರ್, ಬೇರೆಯವರನ್ನು ಕರೆಯೋಣ" ಎಂದು ನಾನು ಹೇಳಲಿಲ್ಲ. ಹಾಗೆ ಹೇಳುವ ಅಧಿಕಾರ ನರ್ಸಿಗೂ ಇದೆಯೆಂದು ಅಲ್ಲಿ ಯಾರೂ ತಿಳಿಸಿರಲಿಲ್ಲ. ಅಜ್ಜಿ ಉಳಿಯಲಿಲ್ಲ.

ಇಂದು ಬೆಳಿಗ್ಗೆ ಡ್ಯೂಟಿ ಮುಗಿದ ಮೇಲೆ ಒಂದು ಟ್ರಾಲಿ ಮತ್ತು ಕರೆಗೆ ಒಂದೇ ನಂಬರ್ ಬೇಕೆಂದು ಬರೆದು ಕೊಟ್ಟು ಬಂದಿದ್ದೇನೆ. ಬೀಗದ ಕೈ ಸದ್ಯ ಥಿಯೇಟರ್ ಆಫೀಸಿನ ಮೇಜಿನ ಎರಡನೆಯ ಡ್ರಾಯರಿನಲ್ಲಿದೆ. ರಾತ್ರಿ ಪಾಳಿಯವರಿಗೆಲ್ಲ ಫೋನ್ ಮಾಡಿ ತಿಳಿಸಿದ್ದೇನೆ.