ಮಳೆ ತರದ ಸಿಡಿಲು

ವಿಜಯಪುರ ಜಿಲ್ಲೆಯ ನಮ್ಮ ತಿಕೋಟಾ ಕಡೆ ಏಪ್ರಿಲ್ ಕೊನೆಗೆ, ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ ಒಮ್ಮೆಲೇ ನಿಂತರೆ ಕಟ್ಟೆಯ ಮೇಲೆ ಕೂತವರೆಲ್ಲ ಕತ್ತೆತ್ತಿ ಮೋಡ ಹುಡುಕುತ್ತಾರೆ. "ಭಾಳ ಧಗಿ ಐತಿ, ಸಂಜೀಕ ಮಳಿ ಆಗ್ತೈತಿ ನೋಡ್" ಅನ್ನುತ್ತಿದ್ದಳು ಅವ್ವ. 41 ಡಿಗ್ರಿಯ ಬಿಸಿಲನ್ನು ತಡೆದುಕೊಳ್ಳಲು ಆ ಒಂದು ಮಾತು ಸಾಕಿತ್ತು. ಭರಣಿ ಮಳೆ ಬಂದರೆ ಧರಣಿ ಬೆಳೆದೀತು ಅನ್ನುವ ಜನ ನಾವು.

ಕ್ಯಾಲಿಫೋರ್ನಿಯಾದ ಫ್ರೆಸ್ನೊಗೆ ಬಂದು ಒಂಬತ್ತು ವರ್ಷವಾಯಿತು. ಇಲ್ಲೂ ಜುಲೈನಲ್ಲಿ 42 ಡಿಗ್ರಿ ಅಂದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಹನಿ ಬೀಳುವುದೇ ಅಪರೂಪ. ಬಿಸಿಲು ಅದೇ, ದ್ರಾಕ್ಷಿಯೂ ಅದೇ ಥಾಮ್ಸನ್ ಸೀಡ್‌ಲೆಸ್. ಒಣಗಿಸುವ ರೀತಿ ನೋಡಿದರೆ ಎರಡೂ ಊರಿನ ಆಕಾಶ ಎಂಥದ್ದೆಂದು ತಿಳಿಯುತ್ತದೆ. ನಮ್ಮ ಕಾಕಾ ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್ ಮತ್ತು ಎಣ್ಣೆಯ ದ್ರಾವಣದಲ್ಲಿ ಅದ್ದಿ, ಶೆಡ್ಡಿನೊಳಗೆ ನೆರಳಲ್ಲಿ ಜಾಳಿಗೆಯ ಮೇಲೆ ಹರಡುತ್ತಾರೆ. ಮಾರ್ಚ್‌ನಲ್ಲಿ ಗುಡುಗಿದರೆ ರಾತ್ರಿ ಎರಡಕ್ಕೂ ಎದ್ದು ತಾಡಪತ್ರಿ ಎಳೆಯಲು ಓಟ. ಇಲ್ಲಿ ಹಾಗಲ್ಲ. ಗೊನೆ ಕೊಯ್ದು, ಬಳ್ಳಿಯ ಸಾಲುಗಳ ನಡುವೆ ನೆಲದ ಮೇಲೆಯೇ ಕಾಗದ ಹಾಸಿ, ಸೆಪ್ಟೆಂಬರ್ ಬಿಸಿಲಿಗೆ ಬಿಟ್ಟು ಹೋಗಿಬಿಡುತ್ತಾರೆ. ಮೊದಲ ಸಲ ನೋಡಿದಾಗ ನನಗೇ ಎದೆ ಧಸಕ್ಕೆಂದಿತು.

ಇವರ ಭಯ ಬೇರೆ. 2020ರ ಆಗಸ್ಟ್‌ನಲ್ಲಿ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಕೆಲವೇ ದಿನಗಳೊಳಗೆ ಸುಮಾರು 12,000 ಸಿಡಿಲು ಬಡಿದವು. ಮೋಡದಿಂದ ಹೊರಟ ಹನಿ ಒಣಗಾಳಿಯಲ್ಲಿ ನಡುದಾರಿಯಲ್ಲೇ ಆವಿಯಾಗುತ್ತದೆ, ಕಿಡಿ ಮಾತ್ರ ನೆಲ ಮುಟ್ಟುತ್ತದೆ. ನೂರಾರು ಕಡೆ ಬೆಂಕಿ ಎದ್ದಿತು. ಮುಂದಿನ ತಿಂಗಳು ನಮ್ಮ ಮೂಡಣ ಗುಡ್ಡಗಳಲ್ಲೂ 'ಕ್ರೀಕ್ ಫೈರ್' ಎಂಬ ಕಾಡ್ಗಿಚ್ಚು ಹೊತ್ತಿಕೊಂಡಾಗ ಮಧ್ಯಾಹ್ನ ಹನ್ನೆರಡಕ್ಕೆ ಸೂರ್ಯನನ್ನು ಬರಿಗಣ್ಣಲ್ಲಿ ನೋಡಬಹುದಿತ್ತು. ಬಾಗಿಲ ಸಂದಿಗೆ ಒದ್ದೆ ಟವೆಲ್ ತುರುಕಿದೆವು. ಬೆಂಕಿ ಅಂದರೆ ಬಣವೆಗೆ ಬಿದ್ದದ್ದು, ಕಬ್ಬಿಗೆ ಹತ್ತಿದ್ದು ಎಂದಷ್ಟೇ ಗೊತ್ತಿದ್ದ ನನಗೆ, ಕಾರಿನ ಗಾಜಿನ ಮೇಲೆ ಕಾಡಿನ ಬೂದಿ ಒರೆಸುವುದು ಹೊಸದು.

ಆದರೆ ಇವರು ಸುಮ್ಮನೆ ಕೂರುವುದಿಲ್ಲ. ಬೆಂಕಿ ಭಯವಿರುವ ಕಡೆ ಮನೆಯ ಸುತ್ತ 100 ಅಡಿ ಒಣಹುಲ್ಲು, ಕಡ್ಡಿ ತೆಗೆಯಬೇಕೆಂಬುದು ಕಾನೂನು. ಗಾಳಿ ಜೋರಾಗುವ ಸೂಚನೆ ಇದ್ದರೆ ಗುಡ್ಡದ ಊರುಗಳಲ್ಲಿ ಕರೆಂಟನ್ನೇ ತೆಗೆಯುತ್ತಾರೆ. (ನಮ್ಮಲ್ಲಿ ಗಾಳಿ ಬಂದ ಮೇಲೆ ಹೋಗುತ್ತದೆ, ಇಲ್ಲಿ ಬರುವ ಮೊದಲೇ.) ನಾವೋ, ಮಳೆ ತರುವ ಸಿಡಿಲೆಂದು ಅದಕ್ಕೆ ಹೆದರುವುದನ್ನೇ ಮರೆತವರು. ಪ್ರತಿ ಬೇಸಿಗೆ ಯಾರೋ ಕುರಿಗಾಹಿ ಬೇವಿನ ಮರದ ಕೆಳಗೆ ನಿಂತು ಸಾಯುತ್ತಾನೆ. ಹಣೆಬರಹ ಅಂದು ಮುಗಿಸುತ್ತೇವೆ. ಮುನ್ನೆಚ್ಚರಿಕೆಗೆಂದೇ 'ದಾಮಿನಿ', 'ಸಿಡಿಲು' ಆ್ಯಪ್‌ಗಳಿವೆ. ಊರಿಗೆ ಹೋದಾಗ ಕೇಳಿದೆ, ನಮ್ಮ ಓಣಿಯಲ್ಲಿ ಒಬ್ಬರ ಮೊಬೈಲಿನಲ್ಲೂ ಇರಲಿಲ್ಲ. ಮೋಡ ಕಂಡ ಕೂಡಲೇ ಖುಷಿಪಡುವುದು ಸರಿ, ಮೊದಲು ಮರದ ಬುಡ ಬಿಟ್ಟು ಬರೋಣ.

ಮೊನ್ನೆ ಫೋನಿನಲ್ಲಿ ಕಾಕಾಗೆ ಇಲ್ಲಿಯ ಒಣ ಸಿಡಿಲಿನ ಕತೆ ಹೇಳಿದೆ.

"ಅಷ್ಟ್ ಸಿಡ್ಲು ಬಡದ್ರೂ ಮಳಿ ಬರಲಿಲ್ಲೇನ್?"

"ಇಲ್ರಿ ಕಾಕಾ, ಒಂದ್ ಹನಿ ಇಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಹಂಗಾರ ಅದು ಬಡಿಯೂದರ ಯಾಕಪಾ?"