ವಿದೇಶಿ ಸಾಲಕ್ಕೆ ಮೀಸಲು: ಮೊದಲೇ ತೆಗೆದಿಡುವ ಪದ್ಧತಿಯ ಪರವಾಗಿ

ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಿಂದ ಎರಕದ ಬಿಡಿಭಾಗ ತರಿಸಿಕೊಂಡ ಪರದೇಶದ ವ್ಯಾಪಾರಿ ಪ್ರಾಮಾಣಿಕನಾಗಿರಬಹುದು, ತನ್ನ ನಾಣ್ಯದಲ್ಲಿ ಪೂರ್ತಿ ಹಣವನ್ನು ಅಲ್ಲಿನ ಬ್ಯಾಂಕಿಗೆ ಕಟ್ಟಿಯೂ ಇರಬಹುದು. ಆದರೆ ಆ ದೇಶದಲ್ಲಿ ಡಾಲರ್ ಇಲ್ಲದಿದ್ದರೆ ಹಣ ಗಡಿ ದಾಟುವುದಿಲ್ಲ. ಸಾಲಗಾರನ ತಪ್ಪಿಲ್ಲದೆ ಅವನ ದೇಶದ ದೆಸೆಯಿಂದ ಬರುವ ಈ ಅಪಾಯಕ್ಕೆ, ಸಾಲ ಕೊಟ್ಟ ಬ್ಯಾಂಕು ಯಾವಾಗ ಮೀಸಲಾಗಿ ಹಣ ತೆಗೆದಿಡಬೇಕು ಎಂಬಲ್ಲಿ, ನಾನು ಹುಟ್ಟಿದ ನಾಡಿನ ನಿಯಮಕ್ಕೂ ಈಗ ನೆಲೆಸಿರುವ ಅಮೆರಿಕದ ನಿಯಮಕ್ಕೂ ಬಹಳ ಅಂತರವಿದೆ.

1982ರ ಆಗಸ್ಟ್‌ನಲ್ಲಿ ಮೆಕ್ಸಿಕೊ ಸಾಲ ತೀರಿಸಲಾರೆನೆಂದು ಕೈಚೆಲ್ಲಿದ ಮೇಲೆ, 1983ರಲ್ಲಿ ಅಮೆರಿಕ ಒಂದು ಕಾನೂನು ಮಾಡಿತು. ಯಾವ ದೇಶದ ಸಾಲದ ಮೌಲ್ಯ ಕುಸಿದಿದೆ ಎಂದು ಮೇಲ್ವಿಚಾರಕರು ತೀರ್ಮಾನಿಸುತ್ತಾರೋ, ಆ ಸಾಲಕ್ಕೆ ಸಾಮಾನ್ಯವಾಗಿ ಮೊದಲ ವರ್ಷ ಶೇ. 10, ಆನಂತರ ವರ್ಷಕ್ಕೆ ಶೇ. 15ರಷ್ಟು ಮೀಸಲನ್ನು ಲಾಭದಿಂದ ಕಳೆದಿಡಬೇಕು. ಅದನ್ನು ಬಂಡವಾಳವೆಂದು ತೋರಿಸುವಂತಿಲ್ಲ. ಈ ಕೊನೆಯ ಮಾತು ಕಟ್ಟುನಿಟ್ಟಿನದು, ಮೆಚ್ಚತಕ್ಕದ್ದು. ಆದರೆ ಕುಸಿತ ಕಂಡ ಮೇಲಷ್ಟೇ ಮೀಸಲು ಶುರುವಾಗುತ್ತದೆ. ಬ್ರೆಜಿಲ್ 1987ರ ಫೆಬ್ರುವರಿಯಲ್ಲಿ ಬಡ್ಡಿ ನಿಲ್ಲಿಸಿದ ಬಳಿಕ, ಮೇ ತಿಂಗಳಲ್ಲಿ ಅಮೆರಿಕದ ದೊಡ್ಡ ಬ್ಯಾಂಕಾದ ಸಿಟಿಕಾರ್ಪ್ ಒಮ್ಮೆಲೇ 300 ಕೋಟಿ ಡಾಲರ್ ತೆಗೆದಿಟ್ಟಿತು. ಉಳಿದ ದೊಡ್ಡ ಬ್ಯಾಂಕುಗಳೂ ಅದೇ ದಾರಿ ಹಿಡಿದವು. ನಡುವಿನ ಐದು ವರ್ಷ ಸಿಟಿಕಾರ್ಪ್ ಷೇರುದಾರರಿಗೆ ಲಾಭಾಂಶ ಹಂಚುತ್ತಲೇ ಬಂದಿತ್ತು.

ಭಾರತೀಯ ರಿಸರ್ವ್ ಬ್ಯಾಂಕು 2003ರಲ್ಲಿ ಹೊರಡಿಸಿದ ಮಾರ್ಗಸೂಚಿ ಇದಕ್ಕಿಂತ ಮುಂದಾಲೋಚನೆಯದು. ಒಂದು ಕಂತೂ ತಪ್ಪದಿರುವಾಗಲೇ, ದೇಶಗಳನ್ನು ಅಪಾಯದ ಏಳು ದರ್ಜೆಗಳಲ್ಲಿಟ್ಟು, ಕೆಳಗಿನ ಎರಡಕ್ಕೆ ಶೇ. 0.25, ಮಧ್ಯಮಕ್ಕೆ ಶೇ. 5, ಹೆಚ್ಚಿನದಕ್ಕೆ ಶೇ. 20, ಅತಿ ಹೆಚ್ಚಿನದಕ್ಕೆ ಶೇ. 25, ಕೊನೆಯ ಎರಡಕ್ಕೆ ಪೂರ್ತಿ ಶೇ. 100 ಮೀಸಲು ಕೇಳುತ್ತದೆ. ಒಳ್ಳೆಯ ವರ್ಷಗಳ ಲಾಭದಿಂದಲೇ ಕೆಟ್ಟ ವರ್ಷಕ್ಕೆ ಹಣ ಕೂಡಿಡುವ ಈ ಕ್ರಮವನ್ನು ನಾನು ಮನಸಾರೆ ಒಪ್ಪುತ್ತೇನೆ.

ಒಪ್ಪಲಾಗದ್ದು ಅದರ ಮಿತಿ. ಒಂದು ದೇಶಕ್ಕೆ ಸಂದ ನಿವ್ವಳ ಸಾಲ ಬ್ಯಾಂಕಿನ ಒಟ್ಟು ಆಸ್ತಿಯ ಶೇ. 1ನ್ನು ಮುಟ್ಟಿದರಷ್ಟೇ ಈ ನಿಯಮ ಅನ್ವಯಿಸುತ್ತದೆ. 10 ಲಕ್ಷ ಕೋಟಿ ರೂಪಾಯಿ ಆಸ್ತಿಯ ಬ್ಯಾಂಕು ಅತಿ ಹೆಚ್ಚು ಅಪಾಯದ ಮೂರು ದೇಶಗಳಿಗೆ ತಲಾ 9,000 ಕೋಟಿ ಕೊಟ್ಟಿತೆನ್ನೋಣ. ಒಟ್ಟು 27,000 ಕೋಟಿಗೆ ಶೇ. 25ರಂತೆ 6,750 ಕೋಟಿ ಮೀಸಲಿರಬೇಕಾದಲ್ಲಿ, ಯಾವ ದೇಶವೂ ಮಿತಿ ಮುಟ್ಟದ ಕಾರಣ ಈ ನಿಯಮದಡಿ ಒಂದು ರೂಪಾಯಿಯೂ ಇರಬೇಕಾಗಿಲ್ಲ. ಡಾಲರ್ ದುಬಾರಿಯಾದಾಗ ದುರ್ಬಲ ದೇಶಗಳು ಒಂದೊಂದಾಗಿ ಅಲ್ಲ, ಜೊತೆಜೊತೆಗೇ ಬೀಳುತ್ತವೆ. 1982ರ ನಂತರ ಲ್ಯಾಟಿನ್ ಅಮೆರಿಕದಲ್ಲಿ ಆದದ್ದು ಅದೇ. ಆದ್ದರಿಂದ ಅಪಾಯದ ದರ್ಜೆಗಳ ದೇಶಗಳೆಲ್ಲವನ್ನೂ ಕೂಡಿಸಿ ಆ ಮಿತಿಯನ್ನು ಅಳೆಯಬೇಕು.

ಹಾಗೆ ಮಾಡಿದರೆ ಬೆಳಗಾವಿಯಂಥ ಊರಿನ ರಫ್ತುದಾರರಿಗೆ ಸಾಲ ತುಟ್ಟಿಯಾದೀತು ಎಂಬ ಆಕ್ಷೇಪವನ್ನು ಕಡೆಗಣಿಸಲಾಗದು. ಆದರೆ 180 ದಿನಗಳೊಳಗೆ ತೀರುವ ಸಾಲಕ್ಕೆ ಮೀಸಲಿನ ಕಾಲುಭಾಗ ಸಾಕೆಂದು ಅದೇ ಮಾರ್ಗಸೂಚಿ ಹೇಳುತ್ತದೆ. ಎರಕದ ಮಾಲಿನ ಬಿಲ್ಲುಗಳು ಸಾಮಾನ್ಯವಾಗಿ ಆ ಅವಧಿಯೊಳಗೇ ಚುಕ್ತಾ ಆಗುವಂಥವು. ಭಾರ ಬೀಳುವುದು ವರ್ಷಗಟ್ಟಲೆ ಅವಧಿಯ ದೊಡ್ಡ ವಿದೇಶಿ ಸಾಲಗಳ ಮೇಲೆ, ಅಲ್ಲಿಯೇ ಬೀಳಬೇಕು.